ಮೆಟ್ಟಿಲ ಕೆಳಗಿನ ತೊಟ್ಟಿ

ಫೆಬ್ರವರಿ 4

ಬೀಗದಣ್ಣನಿಗೆ,

ಬಂದು ತಲುಪಿದೆ. ತಂಗಿಯ ಸೊಂಟದ ಮೂಳೆ ಕೂಡಿಕೊಳ್ಳೋಕೆ ಮೂರು ತಿಂಗಳಾದರೂ ಬೇಕಂತೆ. ಮಂಚದ ಮೇಲೆ ಮಲಗಿಕೊಂಡೇ ಮನೆ ಆಳುತ್ತಿದ್ದಾಳೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಅಂತ ಅಲ್ಲಿಂದಲೇ ಹೇಳುತ್ತಾಳೆ.

ಹೊರಡುವ ಗಡಿಬಿಡಿಯಲ್ಲಿ ನಿಮ್ಮ ಬೀಗದ ಅಂಗಡಿ ಮುಂದೆ ನಿಂತು ಮೆಟ್ಟಿಲ ಕೆಳಗಿನ ಗಾಜಿನ ತೊಟ್ಟಿಯ ವಿಷಯ ಅಷ್ಟೆಲ್ಲ ಹೇಳಿದೆ, ನೀವು ಎಲ್ಲದಕ್ಕೂ ತಲೆಯಾಡಿಸಿದಿರಿ. ಕೀಲಿ ಕೊರೆಯುವ ಮಿಷನ್ನು ನಿಮ್ಮ ಕಿವಿಯನ್ನು ಎಷ್ಟು ತಿಂದಿದೆ ಅಂತ ನನಗೆ ಗೊತ್ತು. ಫೋನ್ ಮಾಡಿದರೂ ಅದೇ ಹಣೆಬರಹ. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಬರೆಯಿರಿ.

ಮೀನಿನ ಚಿಂತೆ ನಿಮಗೆ ಬೇಡ. ಎರಡನೇ ಮಹಡಿಯ ಮಕ್ಕಳು ನಾ ಮುಂದು ತಾ ಮುಂದು ಅಂತ ಮೀನಿಗೆ ತಿನಿಸು ಹಾಕುತ್ತಾರೆ. ನಮ್ಮ ಕಟ್ಟಡದ ಹದಿನಾರು ಮನೆಯವರೂ ಸೇರಿ ತಂದಿಟ್ಟ ತೊಟ್ಟಿ ಅದು, ಆದರೆ ಎಲ್ಲರ ಕಣ್ಣಿಗೂ ಬೀಳೋದು ಮೀನು ಮಾತ್ರ. ತಳದಲ್ಲಿ ಓಡಾಡುವ ಸಿಗಡಿ, ಗಾಜಿಗೆ ಅಂಟಿಕೊಂಡ ಬಸವನಹುಳು ಯಾರ ಲೆಕ್ಕಕ್ಕೂ ಇಲ್ಲ. ಮೇಲಿನಿಂದ ಏನು ಹಾಕಿದರೂ ಮೀನುಗಳು ದಾರಿಯಲ್ಲೇ ಕಬಳಿಸುತ್ತವೆ. ಅದಕ್ಕೇ ಸಂಜೆ ಏಳಕ್ಕೆ ತೊಟ್ಟಿಯ ದೀಪ ಆರಿಸಿ, ಹತ್ತು ನಿಮಿಷ ಕಾಯಿರಿ. ಮೀನುಗಳು ಮೂಲೆ ಹಿಡಿದ ಮೇಲೆ ತಿನಿಸಿನ ಡಬ್ಬಿಯಿಂದ ಎರಡು ಗುಳಿಗೆ ಮುರಿದು ದೊಡ್ಡ ಕಲ್ಲಿನ ಹಿಂದೆ ಬಿಡಿ. ವಾರಕ್ಕೆ ಎರಡು ಸಲ ಪಾಲಕ್ ಎಲೆ ಬೇಯಿಸಿ ಆರಿಸಿ ಹಾಕಿ. ಎಲೆ ತೇಲುತ್ತದೆ, ಡಬ್ಬಿಯಲ್ಲಿ ಚಪ್ಪಟೆ ಕಲ್ಲೊಂದಿದೆ, ದಾರದಲ್ಲಿ ಕಟ್ಟಿ ಮುಳುಗಿಸಿ. ಕೈಗೆ ಸೋಪು ಸೋಕಿರಬಾರದು.

ಮೂವತ್ತೊಂದು ವರ್ಷ ಊರಿನ ಕುಡಿಯೋ ನೀರು ಪರೀಕ್ಷೆ ಮಾಡಿದವಳು ಈಗ ಒಂದು ತೊಟ್ಟಿ ನೀರಿಗೆ ಇಷ್ಟು ಒದ್ದಾಡುತ್ತಾಳೆ ಅಂತ ನಗಬೇಡಿ.

ನೀವೆಲ್ಲ ಕರೆಯುವ ಹಾಗೆ,
ನೀರಕ್ಕ

ಫೆಬ್ರವರಿ 11

ನೀರಕ್ಕನಿಗೆ ನಮಸ್ಕಾರ.

ಹೇಗೆ ಹೇಳೋದು ಅಂತ ಎರಡು ದಿನದಿಂದ ಯೋಚನೆ ಮಾಡ್ತಿದೀನಿ. ನೀವು ಹೋಗಿ ವಾರ ಆಗೋದ್ರೊಳಗೇ ಎರಡು ಸಿಗಡಿ ಸತ್ತುಹೋದ್ವು. ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಬೆಳ್ಳಗೆ, ಗಾಜಿನ ಹಾಗೆ ಬಿದ್ದಿದ್ವು. ಮುಟ್ಟಿದ್ರೆ ಒಳಗೆ ಏನೂ ಇಲ್ಲ, ಅಷ್ಟು ಸೊರಗಿಹೋಗಿದ್ವು. ಚಿಮಟದಲ್ಲಿ ತೆಗೆದು ಅಂಗಡಿ ಮುಂದಿನ ಹೂಕುಂಡದಲ್ಲಿ ಹೂತೆ. ಗಿರಾಕಿ ಒಬ್ಬರು ಏನು ಅಂತ ಕೇಳಿದ್ರು. ಬೀಜ ಅಂದೆ.

ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡಿದೀನಿ ಅಕ್ಕ. ಮನೆಯವಳು ಹೋದ ಮೇಲೆ ಇಂಥ ಹೊತ್ತಿಗೆ ಇಂಥದ್ದು ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಏಳು ಗಂಟೆ ಆಗೋದನ್ನೇ ಕಾಯ್ತೀನಿ. ನಮ್ಮ ಕಟ್ಟಡದ ಮೆಟ್ಟಿಲು ಒರೆಸೋ ಹೆಂಗಸು ಕೂಡ ನಕ್ಕಳು, ಅಣ್ಣನಿಗೆ ಹೊಸ ಸಂಸಾರ ಸಿಕ್ತು ಅಂತ ಏನೋ ಅಂದಳು. ಪೂರ್ತಿ ಕೇಳಿಸಲಿಲ್ಲ.

ತಪ್ಪಾಗಿದ್ರೆ ಬಯ್ದು ಬರೆಯಿರಿ.

ಬೀಗದ ಅಂಗಡಿಯವ

ಫೆಬ್ರವರಿ 17

ಬೀಗದಣ್ಣ,

ನಿಮ್ಮ ಕಾಗದ ಓದಿ ತಂಗಿಗೂ ಓದಿ ಹೇಳಿದೆ. ಇಬ್ಬರೂ ನಕ್ಕಿದ್ದಕ್ಕೆ ಅವಳ ಸೊಂಟ ನೋಯಿತು, ನನಗೆ ಬೈಗುಳ ಬಿತ್ತು.

ನೀವು ಹೂತಿದ್ದು ಸಿಗಡಿಯಲ್ಲ, ಪೊರೆ. ಹಾವಿನ ಹಾಗೆ ಅವೂ ಮೈಮೇಲಿನ ಪೊರೆ ಕಳಚುತ್ತವೆ. ಚೆನ್ನಾಗಿ ತಿಂದು ಬೆಳೆಯುತ್ತಿದ್ದರೆ ಮಾತ್ರ ಕಳಚುತ್ತವೆ. ಅಂದರೆ ನಿಮ್ಮ ಕೈಗುಣ ಒಳ್ಳೆಯದು. ಇನ್ನು ಮೇಲೆ ಬೆಳ್ಳಗೆ ಬಿದ್ದಿದ್ದು ಕಂಡರೆ ಗಾಬರಿಯಾಗಬೇಡಿ, ಹಾಗೇ ಬಿಡಿ, ಅದನ್ನೂ ಅವೇ ತಿನ್ನುತ್ತವೆ.

ನನಗೆ ಇಲ್ಲಿ ಮಾತಾಡೋಕೆ ಜನವೇ ಇಲ್ಲ. ಬರೆಯುತ್ತಿರಿ.

ನೀರಕ್ಕ

ಮಾರ್ಚ್ 1

ಅಕ್ಕಾ,

ನೀವು ನಕ್ಕಿದ್ದು ನನಗೆ ಒಳ್ಳೇದೇ ಆಯ್ತು. ಈಗ ಧೈರ್ಯ ಬಂದಿದೆ.

ಆ ಚಪ್ಪಟೆ ಕಲ್ಲು ಸರಿಯಿಲ್ಲ. ದಾರ ಜಾರಿ ಎಲೆ ಮೇಲೆ ಬಂದುಬಿಡುತ್ತೆ, ಮೀನು ಎಳೆದಾಡಿ ನೀರೆಲ್ಲ ರಾಡಿ ಮಾಡ್ತವೆ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೀನಿ. ಏನು ಅಂತ ಈಗ ಹೇಳಲ್ಲ, ಬಂದಾಗ ನೋಡಿ ಬೆನ್ನು ತಟ್ಟಬೇಕು. ಈಗ ಎಲೆ ಅಲ್ಲಾಡಲ್ಲ. ಮಕ್ಕಳೆಲ್ಲ ಬಗ್ಗಿ ಬಗ್ಗಿ ನೋಡ್ತಾರೆ. ಸಿಗಡಿಗಳು ಸುತ್ತ ಸೇರಿ ಕೂತು ತಿನ್ನೋದು ನೋಡಿದ್ರೆ ಪಂಕ್ತಿ ಊಟದ ಹಾಗೆ ಇರುತ್ತೆ.

ಬಸವನಹುಳುಗಳು ಈಚೆಗೆ ಗಾಜು ಹತ್ತಿ ನೀರಿನಿಂದ ಮೇಲೆ ಬಂದು ಕೂತ್ಕೋತಿವೆ. ಅವಕ್ಕೂ ಗಾಳಿ ಬೇಕು ಅನ್ಸುತ್ತೆ. ಪೊರೆ ಮಾತ್ರ ಬಹಳ ಬೀಳ್ತಿದೆ. ನೀವು ಹೇಳಿದ ಹಾಗೆ ಬಿಟ್ಟಿದೀನಿ.

ಬೀಗದವ

ಮಾರ್ಚ್ 9

ನೀರಕ್ಕನಿಗೆ,

ಇದು ಪೊರೆ ಅಲ್ಲ. ಈ ಸಲ ನನಗೆ ಗೊತ್ತಾಯ್ತು. ಕೆಂಪಗೆ ತಿರುಗಿದಾವೆ, ವಾಸನೆ ಬರ್ತಿದೆ. ನಿನ್ನೆ ಒಂಬತ್ತು ತೆಗೆದೆ. ಬಸವನಹುಳು ಎಷ್ಟು ಹೋಗಿವೆಯೋ ಲೆಕ್ಕ ಸಿಗ್ತಿಲ್ಲ. ಮೀನು ಒಂದೂ ಸತ್ತಿಲ್ಲ, ಅದೇ ಅರ್ಥ ಆಗ್ತಿಲ್ಲ.

ಇನ್ನೊಂದು ಹೇಳಬೇಕು. ಶುಕ್ರವಾರ ಬೆಳಿಗ್ಗೆ ಷಟರ್ ಎತ್ತೋವಾಗ ನೋಡ್ತೀನಿ, ಮೆಟ್ಟಿಲು ಒರೆಸೋಳು ತೊಟ್ಟಿಯ ಮುಚ್ಚಳ ತೆಗೆದು ಮೊಣಕೈವರೆಗೂ ಕೈ ಇಳಿಸಿದಾಳೆ. ಫಿನಾಯಿಲ್ ಬಕೆಟ್ಟು ಪಕ್ಕದಲ್ಲೇ ಇತ್ತು. ನನ್ನ ನೋಡಿ ಕೈ ಹೊರಗೆ ತೆಗೆದು ಏನೋ ಹೇಳಿದಳು. ನಾನು ತಲೆಯಾಡಿಸಿದೆ. ಮರುದಿನವೇ ಒಂಬತ್ತು ಸತ್ತಿದ್ದು.

ನಾನು ಯಾರ ಮೇಲೂ ಹೇಳೋನಲ್ಲ ಅಕ್ಕ. ಆದರೆ ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅನ್ನೋಕಾಗುತ್ತಾ. ನನ್ನ ಕೈಯಿಂದ ಆಗಿದ್ದಲ್ಲ ಅನ್ನೋದು ನಿಮಗೆ ಗೊತ್ತಿರಲಿ ಅಂತ ಬರೆದೆ.

ಬೀಗದವ

ಮಾರ್ಚ್ 14

ಬೀಗದಣ್ಣ,

ನಿಮ್ಮ ತಪ್ಪಿಲ್ಲ. ಕೊರಗಬೇಡಿ.

ಫಿನಾಯಿಲ್ ಕೈ ನೀರಿಗೆ ಬಿದ್ದರೆ ಇನ್ನೇನಾಗುತ್ತೆ. ಮೀನು ಗಟ್ಟಿ, ತಡೆದುಕೊಂಡಿವೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಾಗದ ಬಂದ ದಿನವೇ ಕಟ್ಟಡದ ಸಂಘದ ಸೆಕ್ರೆಟರಿಯವರಿಗೆ ಬರೆದು ಹಾಕಿದೆ. ಇವತ್ತು ತೊಟ್ಟಿಗೆ ಕೈ ಹಾಕಿದವರು ನಾಳೆ ಮಹಡಿ ಮೇಲಿನ ಕುಡಿಯೋ ನೀರಿನ ಟ್ಯಾಂಕಿಗೆ ಹಾಕಲ್ಲ ಅಂತ ಏನು ನೆಚ್ಚಿಕೆ ಅಂತಲೇ ಬರೆದಿದ್ದೇನೆ. ನೀರಿನ ವಿಷಯದಲ್ಲಿ ನನ್ನ ಮಾತಿಗೆ ಅಲ್ಲಿ ಬೆಲೆ ಇದೆ.

ಉಳಿದವನ್ನು ನೋಡಿಕೊಳ್ಳಿ.

ನೀರಕ್ಕ

ಮಾರ್ಚ್ 22

ಅಕ್ಕಾ,

ಅವಳನ್ನ ಬಿಡಿಸಿದ್ರು. ಸೆಕ್ರೆಟರಿ ನಿಮ್ಮ ಕಾಗದ ಹಿಡ್ಕೊಂಡು ಮೆಟ್ಟಿಲ ಹತ್ರ ನಿಂತು ಓದಿ ಹೇಳಿದ್ರು. ಅವಳು ನನ್ನ ಕಡೆ ನೋಡ್ತಾನೇ ಇದ್ದಳು. ನಾನು ಮಿಷನ್ ಹಾಕಿ ಕೀಲಿ ಕೊರೀತಾ ಕೂತೆ. ಆ ಹೊತ್ತಿಗೆ ಕೊರೆಯೋಕೆ ಕೀಲಿ ಯಾವುದೂ ಇರಲಿಲ್ಲ. ಪಕ್ಕದ ಕಟ್ಟಡದವರೂ ಕುಡಿಯೋ ನೀರಿನ ಮಾತು ಕೇಳಿ ಅವಳು ಕೆಲಸಕ್ಕೆ ಬೇಡ ಅಂದ್ರಂತೆ.

ಆದರೂ ಸಾಯೋದು ನಿಂತಿಲ್ಲ. ಇವತ್ತು ನಾಲ್ಕು. ಫಿನಾಯಿಲ್ ಅಷ್ಟು ದಿನ ಇರುತ್ತಾ ನೀರಲ್ಲಿ?

ನನ್ನ ಉಪಾಯ ಹೇಳೇಬಿಡ್ತೀನಿ, ಅದಕ್ಕೂ ನಿಮ್ಮ ಸಲಹೆ ಬೇಕು. ನಮ್ಮಪ್ಪನ ಕಾಲದ ಹಿತ್ತಾಳೆ ಬೀಗ ಒಂದಿತ್ತು, ಅಂಗೈ ಅಗಲದ್ದು. ಅದರ ಕೊಂಡಿಗೆ ಸೊಪ್ಪು ಸಿಕ್ಕಿಸಿ, ಬೀಗ ಒತ್ತಿ, ತಳಕ್ಕೆ ಬಿಟ್ಟಿದೀನಿ. ಎಳೆದರೂ ಬರಲ್ಲ. ಈಗ ಅದರ ಮೈಯೆಲ್ಲ ಹಸಿರು ಕಟ್ಟಿದೆ. ತೆಗೆದು ಉಜ್ಜಿ ಹೊಳಪು ಮಾಡಿ ಮತ್ತೆ ಬಿಡಲಾ, ಹಾಗೇ ಇರಲಾ?

ಬೀಗದವ

ಏಪ್ರಿಲ್ 2

ನೀರಕ್ಕನಿಗೆ,

ಉತ್ತರ ಬರಲಿಲ್ಲ. ಅಂಚೆಯಲ್ಲಿ ತಪ್ಪಿತೋ, ತಂಗಿಯವರಿಗೆ ಹುಷಾರಿಲ್ಲವೋ. ನನ್ನ ಮೇಲೆ ಬೇಸರ ಆಗಿದ್ರೂ ಸರಿಯೇ. ಒಪ್ಪಿಸಿ ಹೋದಾಗ ನಲವತ್ತರ ಮೇಲಿದ್ವು, ಈಗ ದೀಪ ಆರಿಸಿ ಕಾದ್ರೆ ಐದಾರು ಬರ್ತವೆ. ಮುಖ ತೋರಿಸೋಕೆ ನಾಚಿಕೆ ಆಗುತ್ತೆ.

ಮೆಟ್ಟಿಲು ಒರೆಸೋಕೆ ಯಾರೂ ಬಂದಿಲ್ಲ ಇನ್ನೂ.

ಬೀಗದವ

ಏಪ್ರಿಲ್ 12

ಬೀಗದಣ್ಣ,

ತಂಗಿ ವಾಕರ್ ಹಿಡಿದು ನಡೆಯುತ್ತಿದ್ದಾಳೆ. ಕೆಲಸ ಜಾಸ್ತಿ, ಬರೆಯೋಕೆ ಆಗಲಿಲ್ಲ.

ಬೀಗ ತೆಗೆದುಬಿಡಿ. ಕಲ್ಲನ್ನೇ ಹಾಕಿ. ನೀರು ಅರ್ಧ ಬದಲಿಸಿ, ನಾಲ್ಕು ದಿನ ಬಿಟ್ಟು ಮತ್ತೆ ಅರ್ಧ.

ನೀರಕ್ಕ

ಏಪ್ರಿಲ್ 27

ನೀರಕ್ಕನಿಗೆ,

ಈ ಕಾಗದ ಉದ್ದ ಆಗುತ್ತೆ. ಕೂತು ಓದಿ.

ನೀವು ಹೇಳಿದ ಹಾಗೆ ಬೀಗ ತೆಗೆದೆ, ನೀರು ಬದಲಿಸಿದೆ. ಆಮೇಲೆ ಒಂದೂ ಸಾಯಲಿಲ್ಲ. ಅಕ್ಕನ ಕೈಲಿ ಯಾವ ದೇವರು ಆ ಮಾತು ಬರೆಸಿದನೋ ಅಂದುಕೊಂಡೆ. ಆದರೆ ತಲೆಯಲ್ಲಿ ಹುಳ ಹೊಕ್ಕಿತು. ಮಾರ್ಕೆಟ್ ಹಿಂದೆ ಮೀನು ಮಾರೋ ಹುಡುಗಿ ಇದಾಳಲ್ಲ, ಬಣ್ಣದ ಮೀನಿನ ಅಂಗಡಿಯವಳು, ಆ ಬೀಗವನ್ನ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ತೋರಿಸಿದೆ. ನೋಡಿದವಳೇ ಒಂದು ಚೀಟಿ ತಗೊಂಡು ಬರೆದುಕೊಟ್ಟಳು. ಹಿತ್ತಾಳೆಯಲ್ಲಿ ತಾಮ್ರ ಇರುತ್ತೆ, ಅದು ನೀರಿಗೆ ಬಿಟ್ಟುಕೊಳ್ಳುತ್ತೆ, ಮೀನು ತಡೆದುಕೊಳ್ತವೆ, ಸಿಗಡಿ ಬಸವನಹುಳುವಿಗೆ ವಿಷ. ಕೆಳಗೆ ಗೆರೆ ಎಳೆದು ಬರೆದಿದ್ದಳು: ಅಂಕಲ್, ಬೀಗದ ಕೆಲಸ ಮಾಡಿದ ಕೈಯನ್ನೂ ಅದ್ದಬೇಡಿ.

ನಲವತ್ತು ವರ್ಷ ಹಿತ್ತಾಳೆ ಮುಟ್ಟಿ ಅನ್ನ ತಿಂದೆ. ಅಂಗಡಿಗೆ ಬಂದು ಷಟರ್ ಅರ್ಧ ಇಳಿಸಿ ಕೂತೆ.

ಮೆಟ್ಟಿಲು ಒರೆಸ್ತಿದ್ದವಳ ಮನೆ ಹುಡುಕೋಕೆ ಮೂರು ದಿನ ಆಯ್ತು. ಈಗ ದೊಡ್ಡಾಸ್ಪತ್ರೆ ಎದುರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಒರೆಸ್ತಾಳೆ, ಎರಡು ಬಸ್ ಬದಲಿಸಿ ಹೋಗಬೇಕು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಒಳಗೆ ಹೋಗಿ ಮಗಳ ನೋಟ್‌ಬುಕ್ಕು ತಂದು, ಮಗಳ ಕೈಲಿ ಬರೆಸಿ ತೋರಿಸಿದಳು. “ಅವತ್ತು ಸತ್ತ ಬಸವನಹುಳು ತೆಗೀತಿದ್ದೆ. ಕೊಳೆತರೆ ನೀರು ಕೆಡುತ್ತೆ ಅಂತ ನೀರಮ್ಮನೇ ಒಂದು ಸಲ ಹೇಳಿದ್ರು. ಕೈ ತೊಳೆದೇ ಹಾಕಿದ್ದೆ. ನಿಮಗೂ ಹೇಳಿದೆ. ನೀವು ಹೂಂ ಅಂತ ತಲೆಯಾಡಿಸಿದ್ರಿ.”

ಅಕ್ಕಾ, ನಾನು ಎಲ್ಲದಕ್ಕೂ ತಲೆಯಾಡಿಸ್ತೀನಿ. ಕೇಳಿಸಲಿಲ್ಲ ಅಂತ ಹೇಳೋಕೆ ನಾಚಿಕೆ. ನಿಮಗೆ ಬರೆಯೋವಾಗ ನನಗೆ ಗೊತ್ತಿತ್ತು ಅವಳು ಏನೋ ವಿಷಯ ಹೇಳಿದಳು ಅಂತ. ಏನು ಅಂತ ತಿರುಗಿ ಕೇಳಲಿಲ್ಲ.

ಸೆಕ್ರೆಟರಿಗೆ ಹೇಳಿ ಕೆಲಸ ವಾಪಸ್ ಕೊಡಿಸ್ತೀನಿ ಅಂದೆ. ಬೇಡ ಅಂತ ಬರೆಸಿದಳು. “ನನ್ನ ಜೊತೆ ಮೆಟ್ಟಿಲು ಹತ್ತಿ. ಒಂದೊಂದು ಬಾಗಿಲಲ್ಲೂ ನೀವೇ ಹೇಳಿ. ಅಷ್ಟು ಸಾಕು.”

ಭಾನುವಾರ ಬಂದಳು. ಒಳ್ಳೆ ಸೀರೆ ಉಟ್ಟಿದ್ದಳು. ನಾನು ಬಾಗಿಲು ತಟ್ಟೋದು, ತೆಗೆದವರಿಗೆ, “ಸಿಗಡಿ ಸತ್ತಿದ್ದು ಇವಳಿಂದ ಅಲ್ಲ, ನನ್ನ ಬೀಗದಿಂದ” ಅನ್ನೋದು, ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ಕೇಳೋದು. ಮೊದಲನೇ ಮಹಡಿಯಲ್ಲಿ ಒಬ್ಬರು, “ಅಲ್ಲಿ ಸಿಗಡಿ ಬೇರೆ ಇದ್ವಾ?” ಅಂದ್ರಂತೆ. ಸಿಗಡಿ ಇದ್ದಿದ್ದು ಗೊತ್ತಿಲ್ಲ, ಇವಳು ವಿಷ ಹಾಕಿದ್ದು ಮಾತ್ರ ಗೊತ್ತು. ಇನ್ನೊಬ್ಬರು ನಗ್ತಾ ಕೈ ಆಡಿಸಿದ್ರು. ಒಂದು ಸಿಗಡಿಗೆ ಇಷ್ಟೆಲ್ಲ ಯಾಕೆ ಅಂತ ಇರಬೇಕು. ಅವಳು ಹಿಂದಿನಿಂದ, “ಸಿಗಡಿಗಲ್ಲ ಸಾರ್” ಅಂದಳು. ಅದು ನನಗೂ ಕೇಳಿಸ್ತು. ಎರಡನೇ ಮಹಡಿಯ ಚಿಕ್ಕ ಹುಡುಗಿ ಬಾಗಿಲ ಸಂದಿಯಲ್ಲಿ ತಲೆ ಹಾಕಿ ಜೋರಾಗಿ, “ಆಂಟಿ, ನೀವು ಜೈಲಿಗೆ ಹೋಗಿದ್ರಾ?” ಅಂತ ಕೇಳ್ತು. “ಇಲ್ಲ ಪುಟ್ಟಾ, ಹಲ್ಲಿನ ಡಾಕ್ಟರ್ ಹತ್ರ” ಅಂದಳು. ಆ ಮಗುವಿನ ಅಮ್ಮ ಮುಖ ಬೇರೆ ಕಡೆ ತಿರುಗಿಸಿದಳು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಸೆಕ್ರೆಟರಿ ಮಾತ್ರ, ಕಾಗದ ಬಂದಿತ್ತಲ್ಲ, ನಾನೇನು ಮಾಡಲಿ, ನಾಳೆಯಿಂದ ಬರಲಿ ಬೇಕಾದ್ರೆ ಅಂದ್ರು. “ಕೇಳೋಕೆ ಬಂದಿಲ್ಲ” ಅಂದಳು.

ಕೊನೆಗೆ ನಾಲ್ಕನೇ ಮಹಡಿ, ನಿಮ್ಮ ಬಾಗಿಲು. ನಾನು ಮುಂದೆ ಹೋಗದೆ ತಿರುಗಿದೆ. ಅವಳು ಕದಲಲಿಲ್ಲ.

“ಅಕ್ಕ ಊರಲ್ಲಿಲ್ಲ” ಅಂದೆ.

“ಗೊತ್ತು. ಹೇಳಿ.”

ಬೀಗ ಹಾಕಿದ ಬಾಗಿಲು ತಟ್ಟಿ, ಹೇಳಿದೆ ಅಕ್ಕ. ನನಗೇ ಕೇಳಿಸೋ ಅಷ್ಟು ಜೋರಾಗಿ ಹೇಳಿದೆ. ಹೇಳಿ ಮುಗಿಸಿ ತಿರುಗಿದ್ರೆ ಅವಳು ಆಗಲೇ ಇಳಿದು ಹೋಗ್ತಿದ್ದಳು.

ನಿಮ್ಮ ಕೈಯಲ್ಲಿ ಆ ಕಾಗದ ಬರೆಸಿದವನು ನಾನು. ನಿಮಗೆ ಇದರಲ್ಲಿ ಏನೂ ತಪ್ಪಿಲ್ಲ, ನೀವು ನನ್ನ ಮಾತು ನಂಬಿದ್ರಿ ಅಷ್ಟೆ. ನಿಮ್ಮ ಹೆಸರಿಗೂ ಮಸಿ ಬಳಿದೆ. ಕ್ಷಮಿಸಿ.

ಬೀಗದವ

ಮೇ 9
ನಾಲ್ಕನೇ ಮಹಡಿಯಿಂದ

ಬೀಗದಣ್ಣ,

ಸಂಜೆ ಬಂದೆ. ನೀವು ಷಟರ್ ಎಳೆದು ಹೋಗಿದ್ದಿರಿ. ಇಲ್ಲದಿದ್ದರೂ ನಿಮ್ಮೆದುರು ನಿಲ್ಲುವ ಧೈರ್ಯ ಇರಲಿಲ್ಲ. ಇದನ್ನು ಷಟರ್ ಕೆಳಗೆ ತಳ್ಳಿ ಬರುತ್ತೇನೆ.

ನನಗೆ ಗೊತ್ತಿತ್ತು.

ಮಾರ್ಚ್ 24ರಂದು ನಿಮ್ಮ ಕಾಗದ ಬಂತು. ಹಿತ್ತಾಳೆ ಅನ್ನೋ ಮಾತು ಓದಿದ ಕ್ಷಣಕ್ಕೇ ಗೊತ್ತಾಯಿತು. ಮೂವತ್ತೊಂದು ವರ್ಷ ನೀರಿನಲ್ಲಿ ತಾಮ್ರ ಎಷ್ಟಿದೆ ಅಂತ ಅಳೆದವಳಿಗೆ ಗೊತ್ತಾಗದೆ ಇರುತ್ತದೆಯೇ. ಅದಕ್ಕೂ ಮುಂಚೆ ಬಸವನಹುಳು ನೀರು ಬಿಟ್ಟು ಮೇಲೆ ಹತ್ತುತ್ತಿವೆ ಅಂತ ನೀವು ಬರೆದಾಗಲೇ ನೀರು ಕೆಟ್ಟಿದೆ ಅಂತ ನನಗೆ ಹೊಳೆಯಬೇಕಿತ್ತು. ಆ ಕಾಗದಕ್ಕೆ ನಾನು ಉತ್ತರವನ್ನೇ ಬರೆಯಲಿಲ್ಲ.

ಅವಳನ್ನು ಬಿಡಿಸಿದ ಸುದ್ದಿ, ಬೀಗದ ಸುದ್ದಿ, ಎರಡೂ ಒಂದೇ ಹಾಳೆಯಲ್ಲಿತ್ತು. ಬೀಗ ತೆಗೆಯಿರಿ ಅಂತ ಬರೆದರೆ ಯಾಕೆ ಅಂತ ಬರೆಯಬೇಕು. ಯಾಕೆ ಅಂತ ಬರೆದರೆ ಸೆಕ್ರೆಟರಿಗೂ ಬರೆಯಬೇಕು. ಈ ಕಟ್ಟಡದಲ್ಲಿ ನೀರಿನ ವಿಷಯಕ್ಕೆ ನನ್ನ ಮಾತು ಕೊನೇ ಮಾತು. ಅದೊಂದನ್ನು ಬಿಟ್ಟರೆ ರಿಟೈರ್ ಆದ ಮೇಲೆ ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಇವತ್ತು ಬರೆದರಾಯಿತು, ನಾಳೆ ಬರೆದರಾಯಿತು ಅಂತ ಹತ್ತೊಂಬತ್ತು ದಿನ ಕಳೆದೆ. ಅಲ್ಲಿ ದಿನಾ ಸಾಯುತ್ತಿವೆ ಅಂತ ಗೊತ್ತಿದ್ದೂ ಕಳೆದೆ. ತಂಗಿ, “ಆ ಒರೆಸೋಳು ಏನಾದಳೇ?” ಅಂತ ಕೇಳಿದಳು. ಬೇರೆ ಕಡೆ ಕೆಲಸ ಸಿಕ್ಕಿತಂತೆ ಅಂದೆ. ಆಮೇಲೆ ಕಾರಣ ಬರೆಯದೆ ಮೂರು ಸಾಲು ಗೀಚಿ ಹಾಕಿದೆ. ನೀವು ಅದನ್ನು ದೇವರು ಬರೆಸಿದ್ದು ಅಂದುಕೊಂಡಿರಿ.

ನೀವು ಹದಿನಾರು ಬಾಗಿಲು ತಟ್ಟಿದ್ದನ್ನು ಓದಿದೆ. ನಾನು ಅವತ್ತು ಈ ಬಾಗಿಲ ಹಿಂದೆಯೇ ಇದ್ದಿದ್ದರೂ ತೆಗೆಯುತ್ತಿರಲಿಲ್ಲ, ಬೀಗದಣ್ಣ. ಅದು ನನಗೆ ಚೆನ್ನಾಗಿ ಗೊತ್ತು.

ಬಸ್ಸಿಳಿದು ಬ್ಯಾಗ್ ಸಮೇತ ಮೊದಲು ಆ ಕ್ಲಿನಿಕ್ಕಿಗೇ ಹೋದೆ. ಅವಳು ಒರೆಸುತ್ತಿದ್ದಳು. ನನ್ನನ್ನು ನೋಡಿ, “ನೆಲ ಒದ್ದೆ ಇದೆ, ಅಲ್ಲೇ ನಿಂತಿರಿ” ಅಂದಳು. ನಿಂತೆ. ಹತ್ತು ನಿಮಿಷ ಆಗಿರಬೇಕು. ಹಲ್ಲು ತೋರಿಸಲು ಕೂತಿದ್ದ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ನೆಲ ಆರುವವರೆಗೂ ಕಾಯುವ ಹಾಗಿರಲಿಲ್ಲ ನಾನು, ಅಲ್ಲಿಂದಲೇ ಹೇಳಿಬಿಟ್ಟೆ. ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಅಂದೆ.

ಅವಳು ಕೋಲು ಗೋಡೆಗೊರಗಿಸಿ ನಿಂತಳು. “ಇದು ಅಣ್ಣನಿಗೆ ಗೊತ್ತಾ?” ಅಂತ ಕೇಳಿದಳು. ಮೊದಲು ಕೇಳಿದ್ದು ಅದನ್ನೇ.

ಇಲ್ಲ ಅಂದೆ. ನಾನೂ ನಿನ್ನ ಜೊತೆ ಹದಿನಾರು ಬಾಗಿಲಿಗೆ ಬರುತ್ತೇನಮ್ಮ ಅಂದೆ.

“ನನಗೆ ಮತ್ತೆ ಆ ಮೆಟ್ಟಿಲು ಹತ್ತೋಕೆ ಇಷ್ಟ ಇಲ್ಲ. ನೀವು ಬರೆದು ಕಳಿಸಿದ್ರಿ. ಬರೆದೇ ಹೇಳಿ. ಎಲ್ಲರೂ ಓದೋ ಕಡೆ ಹಚ್ಚಿ” ಅಂದಳು. ಆಮೇಲೆ ಮತ್ತೆ ಬಗ್ಗಿ ಒರೆಸತೊಡಗಿದಳು.

ನಾಳೆ ಬೆಳಿಗ್ಗೆ ತೊಟ್ಟಿಯ ಮೇಲಿನ ನೋಟೀಸ್ ಬೋರ್ಡಿಗೆ ಹಚ್ಚುವುದು ಇದು:

“ಮೆಟ್ಟಿಲು ಒರೆಸುತ್ತಿದ್ದಾಕೆ ತೊಟ್ಟಿಗೆ ಏನೂ ಹಾಕಿರಲಿಲ್ಲ. ಆಕೆ ತೊಟ್ಟಿಯನ್ನು ಚೊಕ್ಕಟ ಮಾಡುತ್ತಿದ್ದರು. ಕುಡಿಯುವ ನೀರಿನ ಬಗ್ಗೆ ನಾನು ಬರೆದ ಮಾತು ಸುಳ್ಳು. ಸಿಗಡಿ ಸತ್ತಿದ್ದು ತಾಮ್ರದಿಂದ. ಬೀಗದ ಅಂಗಡಿಯವರಿಗೆ ಅದು ತಿಳಿದಿರಲಿಲ್ಲ. ನನಗೆ ಮಾರ್ಚ್ 24ರಿಂದ ತಿಳಿದಿತ್ತು, ಮರ್ಯಾದೆಗೆ ಹೆದರಿ ಮುಚ್ಚಿಟ್ಟೆ. ಆಕೆಯ ಕೆಲಸ ಹೋಗಿದ್ದಕ್ಕೆ ನಾನು ಕಾರಣ.”

ಇದನ್ನು ನೀವು ಹತ್ತು ಜನರ ನಡುವೆ ನಿಂತು ಮೊದಲ ಸಲ ಓದಬಾರದು. ಅದಕ್ಕೆ ಈ ಕಾಗದ.

ನೀರಕ್ಕ

ಮೇ 10

ಅಕ್ಕಾ,

ಕಾಗದ ಓದಿದೆ. ಆಮೇಲೆ ಬೋರ್ಡಿನದನ್ನೂ ಓದಿದೆ. ಎರಡೂ ಒಂದೇ ಇದೆ.

ಸಿಟ್ಟು ಬಂದಿದೆ. ಬಂದಿಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಆ ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದೊಂದನ್ನೇ ಚಿಮಟದಲ್ಲಿ ತೆಗೀತಾ ನಾನೇ ಪಾಪಿ ಅಂದುಕೊಂಡಿದ್ದೆ. ಒಂದು ಸಾಲು ಬರೆದಿದ್ರೆ ಅವು ಉಳೀತಿದ್ವು. ಅವಳೂ ಒಂದು ತಿಂಗಳು ಮೊದಲು ತಲೆಯೆತ್ತಿ ಓಡಾಡ್ತಿದ್ದಳು. ನಾನು ಇನ್ನೂ ಸ್ವಲ್ಪ ದಿನ ನಿಮ್ಮ ಜೊತೆ ಮೊದಲಿನ ಹಾಗೆ ಮಾತಾಡೋಕೆ ಆಗಲ್ಲ.

ಇದನ್ನ ಎರಡನೇ ಮಹಡಿ ಹುಡುಗಿ ಕೈಲಿ ಕಳಿಸ್ತಿದೀನಿ. ಬೋರ್ಡಿನ ಮುಂದೆ ಒಂಬತ್ತು ಜನ ಇದಾರೆ. ಸೆಕ್ರೆಟರಿ ಎರಡು ಸಲ ಓದಿದ್ರು. ಎಲ್ಲರೂ ನನ್ನ ಅಂಗಡಿ ಕಡೆ ತಿರುಗಿ ಏನೇನೋ ಕೇಳ್ತಿದಾರೆ. ನನಗೆ ಕೇಳಿಸ್ತಿಲ್ಲ ಅಂತ ಹೇಳಿದೆ, ಈ ಸಲ ತಲೆಯಾಡಿಸಲಿಲ್ಲ. ಅವರಿಗೆ ಉತ್ತರ ಹೇಳಬೇಕಾದವನು ನಾನಲ್ಲ.

ನೀವೇ ಕೆಳಗಿಳಿದು ಬನ್ನಿ. ಸ್ಟೂಲು ಹಾಕಿರ್ತೀನಿ.

ಬೀಗದವ